ಸೆಮಾಗ್ಲುಟೈಡ್: ಮೂರು ವಾರವಾದರೂ ಸಕ್ಕರೆ ಇಳಿದಿಲ್ಲ, ಡೋಸ್ ಏರಿಸಬಹುದೇ?

ಪ್ರಶ್ನೆ
ಟೈಪ್ 2 ಮಧುಮೇಹ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆಗಳ ಜೊತೆಗೆ ವಾರಕ್ಕೊಮ್ಮೆ ಒಝೆಂಪಿಕ್ (ಸೆಮಾಗ್ಲುಟೈಡ್ ಇಂಜೆಕ್ಷನ್) ಪೆನ್, 0.25 ಮಿ.ಗ್ರಾಂ. ಮೂರು ಡೋಸ್ ಮುಗಿದಿದೆ. ಖಾಲಿಹೊಟ್ಟೆಯ ಸಕ್ಕರೆ ಅಷ್ಟಾಗಿ ಇಳಿದಿಲ್ಲ, ಊಟವಾದ ಮೇಲೆ ಹೊಟ್ಟೆ ತೊಳಸುತ್ತದೆ. ಈಗಲೇ 0.5ಕ್ಕೆ ಹೋಗಬಹುದೇ? ಒಂದು ವಾರ ಮರೆತರೆ?

ಉತ್ತರ 1
ಬೇಡ, ನಾಲ್ಕು ವಾರ ಪೂರ್ತಿಯಾಗಲಿ. 0.25 ಇರುವುದು ಸಕ್ಕರೆ ಇಳಿಸುವುದಕ್ಕಲ್ಲ, ಹೊಟ್ಟೆಗೆ ಅಭ್ಯಾಸವಾಗಲೆಂದು. ಊಟ ಮಾಡಿದಾಗ ನಮ್ಮ ಕರುಳೇ ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ, ಆದರೆ ಒಂದೆರಡು ನಿಮಿಷದಲ್ಲೇ ಅದು ಒಡೆದುಹೋಗುತ್ತದೆ. ಸೆಮಾಗ್ಲುಟೈಡ್ ಅದನ್ನೇ ಹೋಲುವ ಅಣು. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಅರ್ಧದಷ್ಟು ಖಾಲಿಯಾಗಲು ಸುಮಾರು ಒಂದು ವಾರ ಬೇಕು. ಹಾಗಾಗಿ ಒಂದೇ ಡೋಸನ್ನು ಮುಂದುವರಿಸಿದರೂ ರಕ್ತದಲ್ಲಿ ಅದರ ಮಟ್ಟ ನಾಲ್ಕೈದು ವಾರ ಏರುತ್ತಲೇ ಇರುತ್ತದೆ. ಮಧ್ಯೆ ಅವಸರಪಟ್ಟರೆ ವಾಂತಿಯಾಗುವ ಸಾಧ್ಯತೆ ಹೆಚ್ಚು, ಬಂದದ್ದು ಬೇಗ ಇಳಿಯುವುದೂ ಇಲ್ಲ.

ಸಕ್ಕರೆ ಏರಿದಾಗ ಈ ಔಷಧಿ ಇನ್ಸುಲಿನ್ ಹೆಚ್ಚಿಸುತ್ತದೆ, ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನನ್ನು ತಗ್ಗಿಸುತ್ತದೆ, ಮೆದುಳಿನಲ್ಲಿ ಹಸಿವನ್ನು ಕುಗ್ಗಿಸುತ್ತದೆ. ಹೊಟ್ಟೆ ಖಾಲಿಯಾಗುವುದೂ ನಿಧಾನವಾಗುತ್ತದೆ. ತೊಳಸುವುದಕ್ಕೆ ಇದೂ ಒಂದು ಕಾರಣ. ಕಡಿಮೆ ಕಡಿಮೆ ಉಣ್ಣಿ, ಜಿಡ್ಡು ಬಿಡಿ, ಹೊಟ್ಟೆ ತುಂಬಿತು ಅನ್ನಿಸಿದ ತಕ್ಷಣ ನಿಲ್ಲಿಸಿ.

ಉತ್ತರ 2
ಮರೆತರೆ: ಐದು ದಿನದೊಳಗೆ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಅದಕ್ಕಿಂತ ತಡವಾದರೆ ಆ ವಾರದ್ದು ಬಿಟ್ಟು ಮಾಮೂಲಿ ದಿನಕ್ಕೇ ಬನ್ನಿ. ಎರಡು ಡೋಸ್ ಒಟ್ಟಿಗೆ ಬೇಡ. ತೂಕ ಇಳಿಸಲೆಂದು ಇದೇ ಸೆಮಾಗ್ಲುಟೈಡ್ ಇರುವ ವೆಗೋವಿ ಬರುತ್ತದೆ, ಅದರ ನಿಯಮ ಬೇರೆ, ಇದನ್ನು ಅದಕ್ಕೆ ಹೊಂದಿಸಬೇಡಿ.

ಪೆನ್ ಬಳಸುವಾಗ ಆಗುವ ತಪ್ಪುಗಳೂ ಇವೆ. ಹೊಸ ಪೆನ್ನಿನಲ್ಲಿ ಮೊದಲ ಸಲ ಹರಿವು ಪರೀಕ್ಷೆ ಮಾಡಿ, ಸೂಜಿ ತುದಿಯಲ್ಲಿ ಹನಿ ಕಾಣಲೇಬೇಕು. ಚುಚ್ಚಿ ಒತ್ತಿದ ಮೇಲೆ ಕೌಂಟರ್ 0 ತೋರಿಸಿದರೂ ಸೂಜಿ ಎಳೆಯದೆ ನಿಧಾನವಾಗಿ ಆರು ಎಣಿಸಿ, ಇಲ್ಲದಿದ್ದರೆ ಔಷಧಿ ಚರ್ಮದ ಮೇಲೆ ಸೋರುತ್ತದೆ. ಸೂಜಿ ಪ್ರತಿ ಸಲ ಹೊಸದು. ಪೆನ್ನಿಗೇ ಸಿಕ್ಕಿಸಿಟ್ಟರೆ ಗಾಳಿ ಹೊಕ್ಕು ಮುಂದಿನ ಡೋಸ್ ಕಡಿಮೆಯಾಗಬಹುದು. ಹೊಟ್ಟೆ, ತೊಡೆ, ಮೇಲ್ತೋಳು, ಎಲ್ಲಾದರೂ ಸರಿ, ಜಾಗ ಬದಲಿಸುತ್ತಿರಿ. ಬಳಸಲು ಶುರುಮಾಡಿದ ಪೆನ್ 56 ದಿನವಷ್ಟೇ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ.

ಉತ್ತರ 3
ಮೇಲಿನವರಿಬ್ಬರೂ ಗ್ಲಿಮೆಪಿರೈಡ್ ವಿಷಯ ಬಿಟ್ಟಿದ್ದಾರೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಸೆಮಾಗ್ಲುಟೈಡ್ ಒಂದೇ ಇದ್ದರೆ ಸಕ್ಕರೆ ಅತಿಯಾಗಿ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಸಕ್ಕರೆ ಎಷ್ಟಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಊಟ ಕಡಿಮೆಯಾಗಿ ಮಾತ್ರೆ ಅಷ್ಟೇ ಉಳಿದರೆ ಬೆವರು, ನಡುಕ. 0.5ಕ್ಕೆ ಹೋಗುವ ಮೊದಲೇ ಅದನ್ನು ಇಳಿಸಬೇಕೇ ಎಂದು ವೈದ್ಯರನ್ನು ಕೇಳಿ.

ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹರಡಿ ಬಿಡದೇ ಇದ್ದರೆ ಇಂಜೆಕ್ಷನ್ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಮನೆಯವರಲ್ಲಿ ಯಾರಿಗಾದರೂ ಥೈರಾಯ್ಡಿನ ಮೆಡುಲ್ಲರಿ ಕ್ಯಾನ್ಸರ್ ಆಗಿದ್ದರೆ ಈ ಔಷಧಿಯೇ ಬೇಡ, ಅದನ್ನು ಈಗಲೇ ಹೇಳಿಬಿಡಿ.