ಮೊದಲ ದಿನಗಳ ಎದೆಹಾಲಿನಲ್ಲಿ ಶಕ್ತಿ ಹೆಚ್ಚೋ, ಆಮೇಲಿನ ಹಾಲಿನಲ್ಲೋ?

ಹೊಸ ಬಾಣಂತಿ:
ಹೆರಿಗೆಯಾಗಿ ಇಂದಿಗೆ ಹನ್ನೆರಡು ದಿನ. ಹುಟ್ಟಿದಾಗ 2.9 ಕೆ.ಜಿ. ಇದ್ದ ಮಗು ನಾಲ್ಕನೆಯ ದಿನ 2.7ಕ್ಕೆ ಇಳಿದಿತ್ತು, ಈಗ ಮತ್ತೆ ಹುಟ್ಟುತೂಕ ಮುಟ್ಟಿದೆ. ಎರಡನೆಯ ದಿನದ ಹಾಲು ಅರಿಶಿನ ಕಲಸಿದಂತೆ ಹಳದಿಯಾಗಿ, ಅಂಟಂಟಾಗಿತ್ತು. ನಿನ್ನೆ ಹಿಂಡಿ ಫ್ರಿಜ್‌ನಲ್ಲಿಟ್ಟದ್ದನ್ನು ಬೆಳಿಗ್ಗೆ ನೋಡಿದರೆ ಮೇಲೆ ತೆಳುವಾದ ಕೆನೆ, ಕೆಳಗೆ ನೀಲಿಛಾಯೆಯ ನೀರುನೀರಾದ ಹಾಲು. ಗಿಣ್ಣಿನಲ್ಲಿದ್ದ ಶಕ್ತಿ ಈ ಹಾಲಿನಲ್ಲಿಲ್ಲ ಎಂಬುದು ನಮ್ಮ ಅತ್ತೆಯವರ ಮಾತು. ಪುಸ್ತಕದಲ್ಲಿ 100 ಮಿ.ಲೀ.ಗೆ 67 ಕಿಲೋಕ್ಯಾಲೊರಿ ಎಂದಿದೆ. ಅದು ಯಾವ ದಿನದ ಹಾಲಿನ ಲೆಕ್ಕ?

ಆಹಾರಶಾಸ್ತ್ರದ ಮೇಷ್ಟ್ರು:
ಅದು ಪಕ್ವ ಹಾಲಿನ ಲೆಕ್ಕ. ಕೊಬ್ಬಿಗೆ ಗ್ರಾಮಿಗೆ 9 ಕಿಲೋಕ್ಯಾಲೊರಿ, ಪ್ರೋಟೀನು ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿಗೆ ತಲಾ 4 ಎಂದು ಹಿಡಿದು ನೀವೇ ಗುಣಿಸಿ ನೋಡಬಹುದು: ತಿಂಗಳು ತುಂಬಿದ ಮೇಲಿನ 100 ಮಿ.ಲೀ. ಹಾಲಿನಲ್ಲಿ ಸುಮಾರು 3.8 ಗ್ರಾಂ ಕೊಬ್ಬು, 1 ಗ್ರಾಂ ಪ್ರೋಟೀನು, 7 ಗ್ರಾಂ ಲ್ಯಾಕ್ಟೋಸ್ ಇದ್ದರೆ ಮೊತ್ತ 66ರ ಆಸುಪಾಸಿಗೆ ಬರುತ್ತದೆ, ಅದರಲ್ಲಿ ಅರ್ಧದಷ್ಟು ಕೊಬ್ಬಿನದೇ. ಮೊದಲ ದಿನಗಳ ಹಾಲಿನಲ್ಲಿ ಪ್ರೋಟೀನು ಎರಡು ಪಟ್ಟಿಗೂ ಮಿಕ್ಕಿ ಇದ್ದರೂ ಕೊಬ್ಬು ಮತ್ತು ಲ್ಯಾಕ್ಟೋಸ್ ಎರಡೂ ಕಡಿಮೆ. ಹಾಗಾಗಿ ಅದರ ಶಕ್ತಿ 55ರ ಸುತ್ತಮುತ್ತ ನಿಲ್ಲುತ್ತದೆ. ಹಳದಿ ಬಣ್ಣ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳದು, ಕೆನೆಯದಲ್ಲ. ಅಷ್ಟೇ ಅಲ್ಲ, ಆ ಪ್ರೋಟೀನಿನಲ್ಲಿ ದೊಡ್ಡ ಪಾಲು ರೋಗನಿರೋಧಕ ಐಜಿಎ ಮತ್ತು ಲ್ಯಾಕ್ಟೋಫೆರಿನ್. ಇವು ಸುಲಭವಾಗಿ ಜೀರ್ಣವಾಗದೆ ಕರುಳಿನಲ್ಲಿ ಕಾವಲು ಕಾಯುತ್ತವೆ. ಅತ್ತೆಯವರು ಗಿಣ್ಣಿಗೆ ಕೊಟ್ಟ ಮರ್ಯಾದೆ ಸರಿಯಾದದ್ದೇ, ಕಾರಣ ಮಾತ್ರ ಬೇರೆ.

ಇನ್ನು ಪ್ರಮಾಣ. ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಗುವಿಗೆ ಸಿಗುವುದು ಹೆಚ್ಚಿನವರಲ್ಲಿ ಮೂವತ್ತು ನಲವತ್ತು ಮಿ.ಲೀ., ಅಂದರೆ ಇಪ್ಪತ್ತು ಕಿಲೋಕ್ಯಾಲೊರಿಯಷ್ಟು. ಐದನೆಯ ದಿನದ ಹೊತ್ತಿಗೆ ಅದು ಅರ್ಧ ಲೀಟರಿನ ಹತ್ತಿರ ಬರುತ್ತದೆ. ನಿಮ್ಮ ಮಗುವಿನ ತೂಕ ಮೊದಲು ಇಳಿದು ಆಮೇಲೆ ಏರಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಳಿದದ್ದರಲ್ಲಿ ಬಹುಪಾಲು ಮೈಯ ನೀರು.

ಶಿಶು ಘಟಕದ ದಾದಿ:
ನಮ್ಮಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಗೆ ಹಾಲು ತುಂಬಿ, ಒಂದು ತುದಿ ಮುಚ್ಚಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಕೆನೆಯ ಉದ್ದ ಒಟ್ಟು ಉದ್ದದ ಶೇಕಡ ಎಷ್ಟೆಂದು ಓದುತ್ತೇವೆ. 1978ರಲ್ಲಿ ಬ್ರಿಟನ್ನಿನ ಆಲನ್ ಲೂಕಸ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಸರಳ ವಿಧಾನಕ್ಕೆ ಕ್ರೀಮಟೋಕ್ರಿಟ್ ಎನ್ನುತ್ತಾರೆ. ಒಬ್ಬಳೇ ತಾಯಿಯ ಹಾಲು, ಒಂದೇ ದಿನ, ಆದರೂ ಗೆರೆ ಬೇರೆ ಬೇರೆ ಕಡೆ ನಿಲ್ಲುತ್ತದೆ. ಆದ್ದರಿಂದ ಮೊದಲು ಬರುವ ತೆಳುಹಾಲನ್ನು ಹಿಂಡಿ ಚೆಲ್ಲಿ, ಕೊನೆಯ ಗಟ್ಟಿಹಾಲನ್ನೇ ಕುಡಿಸುವುದು ಒಳ್ಳೆಯದು. ಬಾಟಲಿಯಲ್ಲಿಟ್ಟದ್ದನ್ನು ಕೊಡುವ ಮುಂಚೆ ಮೆಲ್ಲಗೆ ಅಲುಗಿಸಿ, ಇಲ್ಲವಾದರೆ ಕೆನೆ ಗೋಡೆಗೇ ಅಂಟಿಕೊಂಡು ಉಳಿಯುತ್ತದೆ.

ಆಹಾರಶಾಸ್ತ್ರದ ಮೇಷ್ಟ್ರು:
ಅಲುಗಿಸುವ ಮಾತು ಸರಿ, ಆದರೆ ಚೆಲ್ಲುವ ಮಾತನ್ನು ದಿನ ತುಂಬಿ ಹುಟ್ಟಿ, ತೂಕ ಏರುತ್ತಿರುವ ಈ ಮಗುವಿನ ವಿಷಯದಲ್ಲಿ ಒಪ್ಪಲಾರೆ. ತೆಳು ಮತ್ತು ಗಟ್ಟಿ ಎರಡು ಬೇರೆ ಹಾಲುಗಳಲ್ಲ. ಎದೆ ಬರಿದಾಗುತ್ತ ಹೋದಂತೆ ಕೊಬ್ಬು ಏರುತ್ತ ಹೋಗುತ್ತದೆ. ಗಂಟೆಗೊಮ್ಮೆ ಕುಡಿಯುವ ಮಗುವಿಗೆ ಮೊದಲ ಗುಟುಕಿನಲ್ಲೇ ಸಾಕಷ್ಟು ಕೊಬ್ಬು ಸಿಗಬಹುದು.

ಶಿಶು ಘಟಕದ ದಾದಿ:
ಒಪ್ಪಿದೆ. ನಾನು ಹೇಳಿದ್ದು ಅವಧಿಗೆ ಮುನ್ನ ಹುಟ್ಟಿದ, ತೂಕ ಏರದ ಕೂಸುಗಳಿಗೆ ವೈದ್ಯರ ಸೂಚನೆಯಂತೆ ಮಾಡುವ ಕ್ರಮ. ಅಲ್ಲೂ ತೆಗೆದಿಟ್ಟ ಹಾಲನ್ನು ಚೆಲ್ಲದೆ ಶೇಖರಿಸುತ್ತೇವೆ.

ಹೊಸ ಬಾಣಂತಿ:
ಹಾಗಾದರೆ ನಾನು ತುಪ್ಪ, ಅಂಟಿನುಂಡೆ ಹೆಚ್ಚು ತಿಂದರೆ ಕೆನೆಯ ಗೆರೆ ಮೇಲೇರುತ್ತದೆಯೇ?

ಆಹಾರಶಾಸ್ತ್ರದ ಮೇಷ್ಟ್ರು:
ಹೆಚ್ಚೇನೂ ಇಲ್ಲ. ತಾಯಿಯ ಊಟದಿಂದ ಬದಲಾಗುವುದು ಮುಖ್ಯವಾಗಿ ಕೊಬ್ಬಿನ ಬಗೆ. ಆದರೂ ಉಂಡೆ ಬಿಡಬೇಡಿ: ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚುವರಿಯಾಗಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ, ಅದು ಬೇಕಿರುವುದು ನಿಮಗೆ.