ತರಗತಿಗೆ ಕ್ಲಿಕ್ಕರ್ ತರಿಸುವುದು ಒಳ್ಳೆಯದಾ? ಬಳಸಿದವರು ದಯವಿಟ್ಟು ಹೇಳಿ

ಪ್ರಶ್ನೆ: ಡಿಗ್ರಿ ಮೇಷ್ಟ್ರು
ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಬಿಎಸ್ಸಿ ಮೊದಲ ವರ್ಷದಲ್ಲಿ ನೂರರ ಹತ್ತಿರ ಮಕ್ಕಳಿದ್ದಾರೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಟೆಸ್ಟ್ ಕೊಟ್ಟಾಗ ನಿಜ ಗೊತ್ತಾಗುತ್ತದೆ. ಮುಂದಿನ ಬೆಂಚಿನ ನಾಲ್ಕು ಜನ ಬಿಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. ಈಗ ವಿಭಾಗಕ್ಕೆ ಸ್ವಲ್ಪ ದುಡ್ಡು ಬಂದಿದೆ, ಕ್ಲಿಕ್ಕರ್ (ಮೇಷ್ಟ್ರ ಪ್ರಶ್ನೆಗೆ ಮಕ್ಕಳು ಗುಂಡಿ ಒತ್ತಿ ಉತ್ತರ ಕಳಿಸುವ ಚಿಕ್ಕ ಯಂತ್ರ) ತರಿಸೋಣ ಅಂತ ಮಾತು ನಡೆದಿದೆ. ನಮ್ಮ ಹಾಲಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ, ಹಾಗಾಗಿ ಮೊಬೈಲ್ ಆ್ಯಪ್ ನಂಬುವ ಹಾಗಿಲ್ಲ. ತರಿಸಬಹುದಾ?

ಉತ್ತರ 1: ದೂರದೇಶಿ
ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಟಿಎ (ಮೇಷ್ಟ್ರಿಗೆ ಪಾಠದಲ್ಲಿ ಸಹಾಯಕ) ಆಗಿ ಕ್ಲಿಕ್ಕರ್ ತರಗತಿಗಳಲ್ಲಿ ಕೆಲಸ ಮಾಡಿದ್ದೇನೆ. ಟಿವಿ ರಿಮೋಟಿಗಿಂತ ಚಿಕ್ಕದು, ಎ ಇಂದ ಇ ತನಕ ಐದು ಗುಂಡಿ. ಮೇಷ್ಟ್ರ ಲ್ಯಾಪ್‌ಟಾಪಿಗೆ ರಿಸೀವರ್ ಚುಚ್ಚಿದರೆ ಸಾಕು, ರೇಡಿಯೋ ಸಿಗ್ನಲ್ ಆದ್ದರಿಂದ ಇಂಟರ್ನೆಟ್ ಬೇಡ. ಯಾರು ಏನು ಒತ್ತಿದರು ಅಂತ ಪಕ್ಕದವರಿಗೆ ಗೊತ್ತಾಗಲ್ಲ, ನಾಚಿಕೆ ಸ್ವಭಾವದವರಿಗೆ ಇದು ದೊಡ್ಡ ಧೈರ್ಯ. ಆದರೆ ಹಾಜರಿ ಹಾಕಲು ಇದನ್ನು ಬಳಸಲೇಬೇಡಿ. ಒಬ್ಬನೇ ಮೂವರ ಕ್ಲಿಕ್ಕರ್ ಜೇಬಲ್ಲಿಟ್ಟುಕೊಂಡು ಬಂದು ಒತ್ತುವುದು ಅಲ್ಲಿ ಮಾಮೂಲು. ಸರಿ ಉತ್ತರಕ್ಕೆ ಜಾಸ್ತಿ ಅಂಕ ಅಂತ ಇಟ್ಟರಂತೂ ಮಕ್ಕಳು ಯೋಚಿಸುವುದನ್ನು ಬಿಟ್ಟು ಜಾಣರನ್ನೇ ಕೇಳಿ ಒತ್ತುತ್ತಾರೆ.

ಉತ್ತರ 2: ಬಯಲುಸೀಮೆ
ಸರ್, ಮೊದಲು ಪ್ರಶ್ನೆ ತಯಾರು ಮಾಡಿಕೊಳ್ಳಿ, ಯಂತ್ರ ಆಮೇಲೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಸಿಕ್ಸ್ ಮೇಷ್ಟ್ರು ಎರಿಕ್ ಮಜೂರ್ 1991ರಲ್ಲಿ, ಪ್ರಶ್ನೆ ಕೇಳಿ ಮಕ್ಕಳೇ ತಮ್ಮೊಳಗೆ ಚರ್ಚಿಸಿ ಕಲಿಯುವ ಪದ್ಧತಿ ಶುರು ಮಾಡಿದಾಗ ಅವರ ಹತ್ತಿರವೂ ಕ್ಲಿಕ್ಕರ್ ಇರಲಿಲ್ಲ. ಪ್ರಶ್ನೆ ಹಾಕಿ, ಒಬ್ಬೊಬ್ಬರೇ ಯೋಚಿಸಿ ಉತ್ತರ ಆರಿಸಲಿ. ಸರಿ ಉತ್ತರ 30ರಿಂದ 70 ಶೇಕಡಾ ಒಳಗಿದ್ದರೆ ಬಾಯಿ ಬಿಡಬೇಡಿ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದ ಮಾಡಲು ಹೇಳಿ, ಮತ್ತೆ ಕೇಳಿ. 30ಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡಬೇಕು. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬಹುದು.

ನಾನು ಪ್ರತಿ ವರ್ಷ ಕೇಳುವುದು ಇದು: ನಡುವೆ ತೂತಿರುವ ಲೋಹದ ತಗಡನ್ನು ಕಾಯಿಸಿದರೆ ತೂತು ದೊಡ್ಡದಾಗುತ್ತದಾ, ಚಿಕ್ಕದಾ? ತುಂಬಾ ಜನ ಚಿಕ್ಕದು ಅಂತಲೇ ಹೇಳುತ್ತಾರೆ, ಲೋಹ ಒಳಗೂ ಹಿಗ್ಗುತ್ತದಲ್ವಾ ಅಂತ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿ ಪಕ್ಕದವಳಿಗೆ ಹೇಳಿದಳು, "ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಯಾಕೆ ಹಾಕ್ತಾರೆ ಹೇಳು? ಕಾದಾಗ ಒಳಗಿನ ಜಾಗ ದೊಡ್ಡದಾಗುತ್ತೆ, ಆರಿದ ಮೇಲೆ ಬಿಗಿಯುತ್ತೆ." ಎರಡನೇ ಸಲ ಕೇಳಿದಾಗ ಆ ಸಾಲಿನವರೆಲ್ಲ ಉತ್ತರ ಬದಲಿಸಿದರು. ನಾನು ಹೇಳಿದ್ದರೆ ಸುಮ್ನೆ ಬರೆದುಕೊಳ್ಳುತ್ತಿದ್ದರು ಅಷ್ಟೆ.

ಉತ್ತರ 3: ಕಾಗದದ ಕಾರ್ಡು
ದುಡ್ಡು ಉಳಿಸಿ ಸರ್, ಪ್ಲಿಕ್ಕರ್ಸ್ ಅನ್ನುವ ಆ್ಯಪ್ ನೋಡಿ. ಪ್ರತಿಯೊಬ್ಬರಿಗೂ ಕಪ್ಪು ಬಿಳುಪು ಗುರುತಿನ ಒಂದು ಕಾಗದದ ಕಾರ್ಡು. ತಮ್ಮ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿಯುತ್ತಾರೆ, ನೀವು ನಿಮ್ಮ ಫೋನಿನ ಕ್ಯಾಮೆರಾ ಆಡಿಸಿದರೆ ಎಣಿಕೆ ಆಗುತ್ತದೆ. ಮಕ್ಕಳ ಹತ್ತಿರ ಮೊಬೈಲ್ ಬೇಕಿಲ್ಲ. ಇಂಟರ್ನೆಟ್ ನಿಮ್ಮೊಬ್ಬರ ಫೋನಿಗೆ ಸಿಕ್ಕರೆ ಆಯಿತು. ಆದರೆ ದೊಡ್ಡ ಸೆಟ್‌ನಲ್ಲೂ 63 ಕಾರ್ಡೇ ಇರುವುದು, ಹಾಗಾಗಿ ಇಬ್ಬರಿಗೊಂದು ಕೊಡಿ, ಮೊದಲ ಉತ್ತರವನ್ನು ಒಬ್ಬೊಬ್ಬರೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ.

ಡಿಗ್ರಿ ಮೇಷ್ಟ್ರು
ತುಂಬಾ ಉಪಕಾರ ಆಯಿತು. ಇನ್ನೊಂದು ಭಯ: ಪಕ್ಕದವನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ತಪ್ಪನ್ನೇ ಕಲಿಯುವುದಿಲ್ಲವಾ? ಸಿಲಬಸ್ ಬೇರೆ ಮುಗಿಸಬೇಕು.

ಉತ್ತರ 2: ಬಯಲುಸೀಮೆ
ಇದನ್ನೇ ಕೊಲೊರಾಡೊ ವಿಶ್ವವಿದ್ಯಾಲಯದ ಜೆನೆಟಿಕ್ಸ್ ತರಗತಿಯಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಚರ್ಚೆಯಾದ ಮೇಲೆ ಅದೇ ತತ್ವದ ಹೊಸ ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೊಟ್ಟರು. ಮೊದಲು ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ಕಡೆಯೂ ಉತ್ತರಗಳು ಸುಧಾರಿಸಿದ್ದವು. ಕೊನೆಗೆ ನೀವು ವಿವರಿಸುವುದನ್ನು ಮಾತ್ರ ಬಿಡಬೇಡಿ. ಗಂಟೆಗೆ ಎರಡು ಪ್ರಶ್ನೆ ಸಾಕು. ಕರೆಂಟಿನ ಪಾಠಕ್ಕೆ ಇದನ್ನು ಕೇಳಿ: 60 ವ್ಯಾಟ್ ಮತ್ತು 100 ವ್ಯಾಟಿನ ಹಳೇ ತಂತಿ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ?

ಡಿಗ್ರಿ ಮೇಷ್ಟ್ರು
ಸೋಮವಾರ ಇದನ್ನೇ ಕೇಳುತ್ತೇನೆ. "ಎರಡೂ ಸಮ" ಅನ್ನುವ ಆಯ್ಕೆ ಕೊಡಲಾ?

ಉತ್ತರ 2: ಬಯಲುಸೀಮೆ
ಖಂಡಿತ ಕೊಡಿ. ಸರಣಿಯಲ್ಲಿ ಕರೆಂಟ್ ಒಂದೇ ಅಂತ ಗೊತ್ತಿದ್ದು, 60 ವ್ಯಾಟ್ ಬಲ್ಬಿನ ರೋಧ ಜಾಸ್ತಿ, ಅದಕ್ಕೇ ಅದು ಜಾಸ್ತಿ ಬೆಳಗುತ್ತದೆ ಅನ್ನುವುದನ್ನು ಮರೆತವರು ಅದನ್ನೇ ಆರಿಸುತ್ತಾರೆ. 100 ವ್ಯಾಟ್ ಅಂದವರ ಪಕ್ಕ ಅವರನ್ನು ಕೂರಿಸಿ.