ಚಳಿಗೆ ಮೀನು, ಸೀಗಡಿ ಸೂಪ್: ನಿಮ್ಮನೇಲಿ ಹೇಗ್ ಮಾಡ್ತೀರಾ?

ಕುವೆಂಪುನಗರ, ಮೈಸೂರು
ಸಂಜೆ ಆರಾದ್ರೆ ಸ್ವೆಟರ್ ಹುಡುಕೋ ಹಾಗಾಗಿದೆ. ಅದೊಂದೇ ಕುಡಿದ್ರೆ ರಾತ್ರಿ ಊಟ ಆಯ್ತು ಅನ್ನಿಸೋ ಥರದ ಸೀಫುಡ್ ಸೂಪ್ ಮಾಡೋಣ ಅಂತ ಎರಡು ಸಲ ಕೈ ಹಾಕಿದೆ. ಮೊದಲ್ನೇ ಸಲ ಬಂಗುಡೆ ಹಾಕಿ ಅರ್ಧ ಗಂಟೆ ಕುದಿಸಿದ್ದಕ್ಕೆ ಮನೆಯೆಲ್ಲ ನಾತ. ಎರಡನೇ ಸಲ ಹಾಲು ಹಾಕಿ ಮೇಲೆ ನಿಂಬೆಹಣ್ಣು ಹಿಂಡಿದೆ, ಒಡೆದೇ ಹೋಯ್ತು. ಯಾವ ಮೀನು ತರ್ಲಿ? ಗಟ್ಟಿ ಆಗೋಕೆ ಕಾರ್ನ್‌ಫ್ಲೋರ್ ಬಿಟ್ಟು ಬೇರೆ ಏನಿದೆ? ತಿನ್ನೋರು ಮೂರು ಜನ, ಅದ್ರಲ್ಲಿ ಒಬ್ಬ ಹತ್ತು ವರ್ಷದ ಮಗ.

ಸರಸ್ವತಿಪುರಂ (ತವರು ಮಂಗಳೂರು)
ಬಂಗುಡೆ, ಬೂತಾಯಿ ಎರಡೂ ಎಣ್ಣೆ ಮೀನು. ನಮ್ಮೂರ ಹುಳಿ-ಖಾರದ ಸಾರು ಪುಳಿಮುಂಚಿಗೆ ಅವೇ ಬೇಕು, ಸೂಪಿಗೆ ಖಂಡಿತ ಬೇಡ. ಕಾಣೆಯೋ ಅಂಜಲೋ ತನ್ನಿ. ಅಂಜಲ್ ದುಬಾರಿ ಅನ್ನಿಸಿದ್ರೆ ಬರೀ ತಲೆ ಕೇಳಿ, ಕಮ್ಮಿಗೆ ಕೊಡ್ತಾರೆ. ಕಿವಿರು ಪೂರ್ತಿ ತೆಗೆಸಿ, ಇಲ್ದಿದ್ರೆ ರಸ ಕಹಿ ಆಗುತ್ತೆ. ಜೂನ್ 1ರಿಂದ ಜುಲೈ 31ರ ತನಕ ಕರಾವಳಿಲಿ ಯಾಂತ್ರಿಕ ದೋಣಿಗಳು ಮೀನಿಗೆ ಕಡಲಿಗೆ ಇಳಿಯೋ ಹಾಗಿಲ್ಲ. ಈಗ ಹಾಗಲ್ಲ, ಐಸಲ್ಲಿ ಮೈಸೂರಿಗೂ ಒಳ್ಳೇ ಮಾಲು ಬರುತ್ತೆ.

ಇನ್ನು ಸೀಗಡಿ. ಅರ್ಧ ಕೆಜಿ, ತಲೆ ಸಮೇತ. ಬಿಡಿಸಿರೋದು ತಂದ್ರೆ ಸೂಪಿನ ಜೀವಾನ ಅಂಗಡೀಲೇ ಬಿಟ್ಟು ಬಂದ ಹಾಗೆ! ನಾನೂ ಮದುವೆಯಾದ ಹೊಸತರಲ್ಲಿ ತಲೆ, ಸಿಪ್ಪೆ ಎಲ್ಲ ಕವರಿಗೆ ಕಟ್ಟಿ ಬಿಸಾಕ್ತಿದ್ದೆ. ಈಗ ಅದನ್ನೇ ಮೊದಲು ಒಲೆ ಮೇಲಿಡೋದು. ಎರಡು ಚಮಚ ಎಣ್ಣೇಲಿ ತಲೆ, ಸಿಪ್ಪೆ ಹುರೀರಿ. ಬೂದಿ ಬಣ್ಣ ಹೋಗಿ ಕೆಂಪಗಾಗ್ತಿದ್ದ ಹಾಗೆ ಸೌಟಿನ ಬೆನ್ನಿಂದ ತಲೆಗಳನ್ನ ಒಂದೊಂದಾಗಿ ಅದುಮಿ. ಕಿತ್ತಳೆ ಬಣ್ಣದ ಎಣ್ಣೆ ಬಿಟ್ಕೊಳ್ಳುತ್ತೆ, ರುಚಿ ಇರೋದೇ ಅದ್ರಲ್ಲಿ. ಒಂದು ಲೀಟರ್ ನೀರು, ಅರ್ಧ ಈರುಳ್ಳಿ, ಜಜ್ಜಿದ ಶುಂಠಿ, ಹತ್ತು ಕಾಳುಮೆಣಸು ಹಾಕಿ ಸಣ್ಣ ಉರೀಲಿ 20 ನಿಮಿಷ. ಅಂಜಲ್ ತಲೆ ಇದ್ರೆ ಅದೂ ಇದರ ಜೊತೆಗೇ. ಆಮೇಲೆ ಸೋಸಿ. ಇನ್ನೂ ಕುದಿಸಿದ್ರೆ ಇನ್ನೂ ರುಚಿ ಅಂದ್ಕೋಬೇಡಿ, ಕಹಿ ಬರುತ್ತೆ.

ಇನ್ನೊಂದು ಪಾತ್ರೇಲಿ ಬೆಣ್ಣೆ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ ಎರಡು ಆಲೂಗಡ್ಡೆ, ಒಂದು ಕ್ಯಾರೆಟ್ ಹಾಕಿ ಆ ರಸ ಹುಯ್ಯಿರಿ. ಆಲೂ ಬೆಂದ ಮೇಲೆ ಅರ್ಧದಷ್ಟನ್ನ ಅಲ್ಲೇ ಮಸೆದುಬಿಡಿ, ತಾನಾಗೇ ಮಂದ ಆಗುತ್ತೆ. ಮೀನಿನ ತುಂಡಿಗೆ ಐದು ನಿಮಿಷ ಸಾಕು. ಸೀಗಡಿ ಕೊನೇಲಿ, ಎರಡೇ ಮೂರು ನಿಮಿಷ. ಕೊಕ್ಕೆ ಥರ ಬಾಗಿದ್ರೆ ಬೆಂದಿದೆ, ಉಂಗುರ ಆದ್ರೆ ರಬ್ಬರ್. ಹಾಲಿನ ಬದಲು ತೆಂಗಿನಹಾಲು, ಅದೂ ಒಲೆ ಆರಿಸಿದ ಮೇಲೆ. ಹುಳಿ ಬೇಕಾದೋರು ಬಟ್ಟಲಿಗೆ ನಿಂಬೆ ಹಿಂಡ್ಕೊಳ್ಳಲಿ.

ಮಂಡ್ಯ ಪಕ್ಕದ ಹಳ್ಳಿ
ಅಕ್ಕಾ, ನಮ್ಗೆ ಕಡಲು ಎಲ್ಲಿಂದ ಬಂತು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆನೇ ಕಡಲು. ಸೀತ, ಕೆಮ್ಮು ಅಂದ್ರೆ ನಮ್ಮವ್ವ ಮಾಡೋದು ಏಡಿ ರಸ. ದಪ್ಪ ಕೊಂಡಿ, ಮೈ ಬೇರೆ ಇಟ್ಕಂಡು ಸಣ್ಣ ಕಾಲನ್ನೆಲ್ಲ ಒರಳಲ್ಲಿ ಹಾಕಿ ಕುಟ್ತಾರೆ. ನೀರು ಬೆರೆಸಿ ಹಳೇ ಪಂಚೆ ಬಟ್ಟೇಲಿ ಎರಡು ಸಲ ಹಿಂಡ್ತಾರೆ, ಚಿಪ್ಪಿನ ಚೂರು ಉಳಿದ್ರೆ ಗಂಟಲಿಗೆ ಚುಚ್ತದೆ. ಆ ರಸ ಬಿಸಿ ಆಗ್ತಾ ಆಗ್ತಾ ಮೊಟ್ಟೆ ಒಡೆದು ಬುಟ್ಟಂಗೆ ಸಣ್ಣಸಣ್ಣಕೆ ಕಟ್ಕತದೆ. ಕೆಟ್ಟೋಯ್ತು ಅಂತ ಚೆಲ್ಬುಟ್ಟೀರಿ, ಅದೇ ಸಾರ! ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ ಅರೆದು ಹಾಕಿ, ಏಡಿ ಮೈನೂ ಹಾಕಿ ಚೆನ್ನಾಗಿ ಬೇಯ್ಸಿ. ಗದ್ದೆ ಏಡಿ ಹಸಿಬಿಸಿ ತಿನ್ನಬಾರ್ದು, ಹುಳದ ಕಾಟ. ಔಷಧಿ ಹೊಡೆದ ಗದ್ದೇದಂತೂ ಮುಟ್ಟಲೇಬೇಡಿ.

ಮಂದ ಆಗೋಕೆ ಆಲೂಗಡ್ಡೆ ಯಾಕೆ, ರಾಗಿ ಹಿಟ್ಟಿಲ್ವಾ? ಒಂದು ಚಮಚ ತಣ್ಣೀರಲ್ಲಿ ಗಂಟಿಲ್ದಂಗೆ ಕಲಸಿ ಹುಯ್ದು ಐದು ನಿಮಿಷ ಕುದಿಸಿ. ಬಣ್ಣ ಮಾಸಲು ಆಯ್ತದೆ, ಹೊಟ್ಟೆ ಮಾತ್ರ ಗಟ್ಟಿ ನಿಲ್ತದೆ.

ಹೆಬ್ಬಾಳ್, ಮೈಸೂರು
ಒಂದೇ ಮಾತು. ಮಗ ಸೀಗಡಿ, ಏಡಿ ಮೊದಲ ಸಲ ತಿಂತಿದ್ರೆ ಒಂದು ಚೂರು ಕೊಟ್ಟು ನೋಡಿ. ನಮ್ಮ ಭಾವನಿಗೆ ಅರ್ಧ ಬಟ್ಟಲಲ್ಲೇ ತುಟಿ ಊದಿ, ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ವಿ.

ಶ್ರೀರಂಗಪಟ್ಟಣ
ತೆಂಗಿನಹಾಲು ಹಾಕಿದ್ರೆ ಅದು ಸೂಪಲ್ಲ ಕಣ್ರೀ, ಮೀನು ಪಾಯಸ. ನಾನು ಸಿಹಿನೀರಿನ ಮೀನು ಕಾಟ್ಲಾದಲ್ಲೂ ಮಾಡ್ತೀನಿ. ಅರಿಸಿನ, ಕಲ್ಲುಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದ್ರೆ ಕೆಸರು ವಾಸನೆ ಕಮ್ಮಿ ಆಗುತ್ತೆ. ಮುಳ್ಳು ಮಾತ್ರ ನಿಮ್ಮ ಹಣೆಬರಹ.

ಕುವೆಂಪುನಗರ
ಭಾನುವಾರ ಮಾಡ್ದೆ. ತಲೆ ಹುರೀವಾಗ ಪಕ್ಕದ ಮನೆ ಆಂಟಿ ಕಿಟಕಿ ಹಾಕ್ಕೊಂಡ್ರು, ಧನುರ್ಮಾಸ ಅನ್ನೋದು ನನಗೆ ಮರ್ತೇಹೋಗಿತ್ತು. ಸೀಗಡಿ ನಾಲ್ಕು ನಿಮಿಷ ಬಿಟ್ಟೆ, ಅರ್ಧ ಉಂಗುರ. ರಾಗಿ ಹಿಟ್ಟು ಹಾಕ್ದೆ, ತೆಂಗಿನಹಾಲೂ ಹಾಕ್ದೆ, ಇಬ್ರಿಗೂ ಬೇಜಾರು ಬೇಡ. ಮಗ ಎರಡನೇ ಬಟ್ಟಲು ಕೇಳ್ದ. ಸೋಸಿದ ರಸ ಒಂದು ಲೋಟ ಉಳಿದಿದೆ, ಐಸ್ ಟ್ರೇಗೆ ಹುಯ್ದಿಟ್ಟಿದ್ದೀನಿ. ಎಷ್ಟು ದಿನ ಇಡಬಹುದು?

ಸರಸ್ವತಿಪುರಂ
ಎರಡು ತಿಂಗಳು ಧಾರಾಳ. ಡಬ್ಬಿಗೆ ಹಾಕಿ ಮುಚ್ಚಿಡಿ, ಇಲ್ದಿದ್ರೆ ಪಕ್ಕದಲ್ಲಿರೋ ಐಸ್‌ಕ್ರೀಮೂ ಸೀಗಡಿ ಆಗುತ್ತೆ.